ಬಾಲ ನೋಡಿ ಹೆಸರು ಹೇಳಿ

ಅಂಗೈಯಗಲದ ಮಾಸಲು ಫೋಟೋ. ಹುಲ್ಲುಗಾವಲಿನಲ್ಲಿ ನಿಂತ ಒಂದು ವಿಮಾನ, ಅದರ ಮುಂದೆ ಮೀಸೆ ತಿರುವಿ ನಿಂತ ನಾಲ್ವರು ಸೈನಿಕರು. ಒಬ್ಬನ ಹೆಗಲು ವಿಮಾನದ ಮೂಗನ್ನೇ ಮರೆಮಾಡಿದೆ. ಒಂದು ಕಡೆಯ ರೆಕ್ಕೆಯ ತುದಿ ಚಿತ್ರದಿಂದಾಚೆ ಹೋಗಿಬಿಟ್ಟಿದೆ. ಫೋಟೋದ ಬೆನ್ನಿಗೆ ಹೆಸರಿಲ್ಲ, ಊರಿಲ್ಲ, ಇಸವಿಯೂ ಇಲ್ಲ. ಇದು ಯಾವ ವಿಮಾನ?

ಹಳೆಯ ವಿಮಾನಗಳ ಹುಚ್ಚು ಹಿಡಿದವರು ಪಶ್ಚಿಮದ ದೇಶಗಳಲ್ಲಿ ಬಹುಕಾಲದಿಂದ ಆಡಿಕೊಂಡು ಬಂದಿರುವ ಆಟವಿದು. ಒಬ್ಬ ಚಿತ್ರ ಮುಂದಿಡುತ್ತಾನೆ, ಉಳಿದವರು ಊಹಿಸಬೇಕು. ಸರಿಯಾಗಿ ಹೇಳಿದವನಿಗೆ ಸಿಗುವ ಬಹುಮಾನವೆಂದರೆ ಮುಂದಿನ ಚಿತ್ರ ಆರಿಸುವ ಹಕ್ಕು. ಎಲ್ಲರಿಗೂ ಗೊತ್ತಿರುವ ವಿಮಾನವನ್ನು ಯಾರೂ ಇಡುವುದಿಲ್ಲ. ಒಂದೋ ಎರಡೋ ತಯಾರಾಗಿ ಮೂಲೆ ಸೇರಿದ್ದನ್ನೇ ಹುಡುಕಿ ತರುತ್ತಾರೆ.

ಈ ಆಟಕ್ಕೆ 1909ರಿಂದ 1918ರವರೆಗಿನ ಸೇನಾ ವಿಮಾನಗಳೇ ಹೇಳಿ ಮಾಡಿಸಿದ ಸರಕು. ಅಮೆರಿಕದ ಸೇನೆ ರೈಟ್ ಸಹೋದರರಿಂದ ತನ್ನ ಮೊದಲ ವಿಮಾನ ಕೊಂಡದ್ದು 1909ರಲ್ಲಿ. ವಿಮಾನವೆಂದರೆ ಹೀಗೇ ಇರಬೇಕು ಎಂದು ಆಗ ಯಾರಿಗೂ ಖಚಿತವಿರಲಿಲ್ಲ. ಒಬ್ಬ ಎಂಜಿನ್ನನ್ನು ಮುಂದಿಟ್ಟರೆ ಇನ್ನೊಬ್ಬ ಹಿಂದಿಡುತ್ತಿದ್ದ. ಒಂಟಿ ರೆಕ್ಕೆ, ಜೋಡಿ ರೆಕ್ಕೆ, ಮೂರಂತಸ್ತಿನ ರೆಕ್ಕೆ, ಎಲ್ಲವನ್ನೂ ಕಟ್ಟಿ ನೋಡಿದರು.

ಕ್ವಿಜ್ ಸ್ಪರ್ಧೆಗೆಂದು ಮಕ್ಕಳಿಗೆ ಪಟ್ಟಿ ಬಾಯಿಪಾಠ ಮಾಡಿಸುವ ತಂದೆತಾಯಂದಿರಿಗೆ ಈ ಆಟ ತುಸು ನಿರಾಸೆ ತಂದೀತು. ಏಕೆಂದರೆ ಇಲ್ಲಿ ಉತ್ತರದಷ್ಟೇ ಮುಖ್ಯ, ಆ ಉತ್ತರ ಹೇಗೆ ಹೊಳೆಯಿತು ಎಂಬುದು. ಬ್ರಿಟನ್ನಿನ ಎರಡು ಯುದ್ಧವಿಮಾನಗಳನ್ನೇ ನೋಡಿ: ಡಿ.ಎಚ್.2 ಮತ್ತು ಎಫ್.ಇ.8. ಎರಡೂ ಮೊದಲು ಹಾರಿದ್ದು 1915ರಲ್ಲಿ. ಎರಡಕ್ಕೂ ಜೋಡಿ ರೆಕ್ಕೆ, ಒಬ್ಬನೇ ಪೈಲಟ್, ಅವನ ಬೆನ್ನ ಹಿಂದೆ ಎಂಜಿನ್ ಮತ್ತು ಪ್ರೊಪೆಲ್ಲರ್. ಎಂಜಿನ್ ಹಿಂದೇಕೆ ಹೋಯಿತು? ಮುಂದಿದ್ದರೆ ಪೈಲಟ್ ಹಾರಿಸಿದ ಗುಂಡು ತನ್ನದೇ ಪ್ರೊಪೆಲ್ಲರಿಗೆ ಬಡಿಯುತ್ತಿತ್ತು. ಅಲಗು ಅಡ್ಡ ಬಂದ ಕ್ಷಣ ಗುಂಡು ಹಾರದಂತೆ ತಡೆಯುವ ಸಾಧನ 1915ರಲ್ಲಿ ಜರ್ಮನಿಯ ಫೋಕರ್ ವಿಮಾನಕ್ಕೆ ಬಂತು. ಬ್ರಿಟನ್ನಿನ ಬಳಿ ಆಗ ಅಂಥದ್ದಿರಲಿಲ್ಲ. ಎಂಜಿನ್ ಹಿಂದಿದ್ದ ಮೇಲೆ ಬಾಲವನ್ನು ಹೊರಲು ನಾಲ್ಕು ತೆಳು ಕೋಲುಗಳನ್ನು ಪ್ರೊಪೆಲ್ಲರಿನ ಆಚೀಚೆ ಚಾಚಬೇಕಾಯಿತು.

ಗುಟ್ಟು ಇರುವುದು ಈ ಕೋಲುಗಳಲ್ಲೇ. ಡಿ.ಎಚ್.2ರಲ್ಲಿ ಎಡಬಲದ ಕೋಲುಗಳು ಹಿಂದೆ ಹೋಗುತ್ತ ಒಂದಕ್ಕೊಂದು ಹತ್ತಿರವಾಗಿ, ಲಂಬವಾಗಿ ನಿಂತ ಚುಕ್ಕಾಣಿಯ ಕಂಬವನ್ನು ಕೂಡಿಕೊಳ್ಳುತ್ತವೆ. ಎಫ್.ಇ.8ರಲ್ಲಿ ಹಾಗಲ್ಲ, ಮೇಲಿನ ಕೋಲು, ಕೆಳಗಿನ ಕೋಲು ಒಂದಕ್ಕೊಂದು ಹತ್ತಿರವಾಗಿ, ಅಡ್ಡ ಮಲಗಿದ ಬಾಲದ ಪಟ್ಟಿಗೆ ಸೇರುತ್ತವೆ. ಆದ್ದರಿಂದ ಪಕ್ಕದಿಂದ ತೆಗೆದ ಫೋಟೋದಲ್ಲಿ ಕೋಲುಗಳು ಬಾಲದತ್ತ ಚೂಪಾಗುತ್ತ ಹೋದರೆ ಅದು ಎಫ್.ಇ.8. ರೆಕ್ಕೆ, ಮೂಗು, ಚಕ್ರ ಕಾಣದಿದ್ದರೂ ಅಡ್ಡಿಯಿಲ್ಲ, ಬಾಲ ಕಂಡರೆ ಸಾಕು.

ಫೋಟೋದ ಕೆಳಗೆ ಹೆಸರು ಬರೆದಿದ್ದರೆ ಕೆಲಸ ಸುಲಭವೆಂದು ತಿಳಿಯಬೇಡಿ. ಆಸ್ಟ್ರಿಯಾದ ಇಗೊ ಎಟ್ರಿಚ್ ರೂಪಿಸಿದ 'ಟಾಬೆ' ಎಂಬ ಒಂಟಿ ರೆಕ್ಕೆಯ ವಿಮಾನವಿತ್ತು. ಟಾಬೆ ಎಂದರೆ ಜರ್ಮನ್ ಭಾಷೆಯಲ್ಲಿ ಪಾರಿವಾಳ. ನೋಡಲು ಹಕ್ಕಿಯಂತಿದ್ದರೂ ಅದರ ರೆಕ್ಕೆಗೆ ಸ್ಫೂರ್ತಿ ಹಕ್ಕಿಯಲ್ಲ, ಒಂದು ಬೀಜ! ಜಾವಾದ ಕಾಡಿನ ಬಳ್ಳಿಯೊಂದರ ಬೀಜಕ್ಕೆ ಎರಡೂ ಕಡೆ ಕಾಗದದಷ್ಟು ತೆಳುವಾದ ಅಗಲ ಪೊರೆಯಿದ್ದು, ಅದು ಗಾಳಿಯಲ್ಲಿ ತೇಲಿ ದೂರ ಸಾಗುತ್ತದೆ. ಎಟ್ರಿಚ್ ಹಿಡಿದದ್ದು ಆ ಆಕಾರವನ್ನು. 1911ರ ನವೆಂಬರ್ 1ರಂದು ಇಟಲಿಯ ಜುಲಿಯೊ ಗಾವೊಟ್ಟಿ ಲಿಬಿಯಾದಲ್ಲಿ ವಿಮಾನದಿಂದ ಪುಟ್ಟ ಬಾಂಬುಗಳನ್ನು ಕೈಯಿಂದಲೇ ಎಸೆದ. ವಿಮಾನದಿಂದ ಬಾಂಬ್ ಹಾಕುವ ಯುದ್ಧಕ್ಕೆ ಅದೇ ಆರಂಭ. ಅವನು ಕುಳಿತಿದ್ದದ್ದು ಟಾಬೆಯಲ್ಲಿ. ಬೀಜದಿಂದ ಬಾಂಬಿನವರೆಗಿನ ದಾರಿ ಎಷ್ಟು ಚಿಕ್ಕದು! ಮುಂದೆ 1914ರಲ್ಲಿ ಮಹಾಯುದ್ಧ ಹತ್ತಿದಾಗ, ಒಂಟಿ ರೆಕ್ಕೆಯ ಜರ್ಮನ್ ವಿಮಾನವೆಂದರೆ ಟಾಬೆಯೇ ಎಂದು ಎದುರಾಳಿಗಳು ಕರೆಯತೊಡಗಿದರು. ಹೀಗಾಗಿ ಆ ಕಾಲದ ಚಿತ್ರದಡಿ ಟಾಬೆ ಎಂದಿದ್ದರೆ ಪಳಗಿದ ಆಟಗಾರ ಮೊದಲು ಅದನ್ನೇ ಸಂಶಯದಿಂದ ನೋಡುತ್ತಾನೆ.

ಈಗ ಆಟವಾಗಿರುವುದು ಆಗ ಪ್ರಾಣದ ಪ್ರಶ್ನೆಯಾಗಿತ್ತು. 1914ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿದ್ದ ಸೈನಿಕರು ಆಕಾಶದಲ್ಲಿ ಏನು ಹಾರಿದರೂ ಗುಂಡು ಹಾರಿಸಿಬಿಡುತ್ತಿದ್ದರು, ತಮ್ಮವರ ವಿಮಾನಕ್ಕೂ! ಬ್ರಿಟಿಷರು ರೆಕ್ಕೆಯ ಕೆಳಗೆ ತಮ್ಮ ಬಾವುಟ ಬರೆದು ನೋಡಿದರು. ದೂರದಿಂದ ಅದರೊಳಗಿನ ಕೆಂಪು ಶಿಲುಬೆಯೊಂದೇ ಎದ್ದು ಕಂಡು, ಜರ್ಮನರ ಶಿಲುಬೆಯಂತೆಯೇ ತೋರುತ್ತಿತ್ತು. ಕೊನೆಗೆ ಫ್ರೆಂಚರ ವೃತ್ತದ ಗುರುತನ್ನೇ ಎರವಲು ಪಡೆದು, ಬಣ್ಣಗಳ ಕ್ರಮ ತಿರುವುಮುರುವು ಮಾಡಿಕೊಂಡರು. ಇಂದಿಗೂ ನಾನಾ ದೇಶಗಳ ಸೇನಾ ವಿಮಾನಗಳ ಮೇಲೆ ಕಾಣುವ ಬಣ್ಣದ ವೃತ್ತಗಳ ಹಿಂದೆ ಈ ಕಥೆಯಿದೆ.

ಎರಡನೇ ಮಹಾಯುದ್ಧದಲ್ಲಿ ಈ ಕೆಲಸ ಶಾಲೆಯವರೆಗೂ ಬಂತು. ಇಂಗ್ಲೆಂಡಿನಲ್ಲಿ 1941ರ ಜನವರಿಯಿಂದ 'ದಿ ಏರೋಪ್ಲೇನ್ ಸ್ಪಾಟರ್' ಎಂಬ ಪತ್ರಿಕೆ ವಿಮಾನ ಗುರುತಿಸುವುದಕ್ಕೆಂದೇ ಹೊರಟಿತು. ಅಮೆರಿಕದ ನೌಕಾಪಡೆ 1942ರಲ್ಲಿ 5 ಲಕ್ಷ ಮಾದರಿ ವಿಮಾನಗಳನ್ನು ಮಾಡಿಕೊಡುವಂತೆ ಶಾಲಾ ವಿದ್ಯಾರ್ಥಿಗಳನ್ನು ಕೇಳಿತು. ಮರದಲ್ಲಿ ಕೆತ್ತಿ, ಕಪ್ಪು ಬಣ್ಣ ಬಳಿದ ಮಾದರಿಗಳು. ಆಕಾಶದಲ್ಲಿ ಕಾಣುವುದು ಕಪ್ಪು ನೆರಳಷ್ಟೇ ತಾನೆ? ಅಳತೆ ನಿಜವಾದ ವಿಮಾನದ 72ನೇ ಒಂದು ಪಾಲು. 10 ಮೀಟರ್ ದೂರದಲ್ಲಿ ಹಿಡಿದ ಮಾದರಿ, 720 ಮೀಟರ್ ದೂರದ ನಿಜವಾದ ವಿಮಾನದಷ್ಟೇ ಕಾಣುತ್ತದೆ. ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದು ಆಕಾಶವನ್ನೇ ತುಂಬಿದ ಲೆಕ್ಕವಿದು. ರೆಕ್ಕೆ, ಎಂಜಿನ್, ಒಡಲು, ಬಾಲ ಎಂದು ಬಿಡಿಬಿಡಿಯಾಗಿ ಪರೀಕ್ಷಿಸುವ ಕ್ರಮವನ್ನು ಅಲ್ಲಿ ಮೊದಲು ಕಲಿಸಿದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸ್ಯಾಮುಯೆಲ್ ರೆನ್‌ಶಾ ಅದನ್ನು ಒಪ್ಪಲಿಲ್ಲ. ಚಿತ್ರವನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತೋರಿಸಿ, ಇಡೀ ರೂಪವನ್ನು ಒಮ್ಮೆಗೇ ಹಿಡಿಯುವ ಅಭ್ಯಾಸ ಮಾಡಿಸಿದ. ಗೆಳೆಯನ ಗುರುತು ಹಿಡಿಯುವಾಗ ಕಿವಿ, ಮೂಗು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆಯೇ? ಹಳೆಯ ಫೋಟೋ ಹಿಡಿದು ಕೂತವನಿಗೆ ಅಂಥ ಅವಸರವಿಲ್ಲವಾದ್ದರಿಂದ ಬಿಡಿಬಿಡಿ ಪರೀಕ್ಷೆಯೇ ಅವನಿಗೆ ಹಿತ.

ನಮ್ಮ ದೇಶದ ವಿಮಾನಗಳೂ ಈ ಆಟದಲ್ಲಿ ಚೆನ್ನಾಗಿ ಸತಾಯಿಸುತ್ತವೆ. ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಶುರುವಾದಾಗ ಅದರ ಬಳಿ ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು. ಹಳೆಯ ಡಿ.ಎಚ್.9ಎ ವಿಮಾನದ ಬಿಡಿಭಾಗಗಳನ್ನು ಬಳಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ವಾಪಿಟಿಯನ್ನು ರೂಪಿಸಿದ್ದರು. ರೆಕ್ಕೆಯನ್ನಷ್ಟೇ ನಂಬಿದವರು ಇಲ್ಲಿ ಮೋಸ ಹೋಗುತ್ತಾರೆ.

ಇನ್ನೂ ಕಠಿಣವಾದದ್ದು ಬೆಂಗಳೂರಿನದೇ. ವಾಲ್‌ಚಂದ್ ಹೀರಾಚಂದ್ ಇಲ್ಲಿ 1940ರಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅಲ್ಲಿ ಜೋಡಣೆಯಾದ ಮೊದಲ ವಿಮಾನ 1941ರ ಆಗಸ್ಟ್‌ನಲ್ಲಿ ಹಾರಿತು. ಅದು ಅಮೆರಿಕದ ಹಾರ್ಲೊ ಪಿ.ಸಿ.5, ಪೈಲಟ್‌ಗಳಿಗೆ ತರಬೇತಿ ಕೊಡುವ ವಿಮಾನ. ಕೆಳಗೆ ಜೋಡಿಸಿದ ಒಂಟಿ ರೆಕ್ಕೆ, ಲೋಹದ ಒಡಲು, ಒಂದರ ಹಿಂದೊಂದು ಎರಡು ಆಸನ. ಅದರ ಚಿತ್ರ ತೋರಿಸಿದರೆ ಆಟದಲ್ಲಿ ನುರಿತವರೂ ತಡವರಿಸುವುದುಂಟು, ಏಕೆಂದರೆ ತಯಾರಿಸಿದ ಕಂಪನಿ ತೀರಾ ಸಣ್ಣದು. ಅದಕ್ಕಿಂತ ಮೊದಲು ಬಂದ ಹಾರ್ಲೊ ವಿಮಾನದ ಹೆಸರು ಪಿ.ಜೆ.ಸಿ. ಆ ಮೂರಕ್ಷರದ ಅರ್ಥ ಪ್ಯಾಸಡೀನಾ ಜೂನಿಯರ್ ಕಾಲೇಜ್. ಕ್ಯಾಲಿಫೋರ್ನಿಯಾದ ಆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮ್ಯಾಕ್ಸ್ ಹಾರ್ಲೊ, 1937ರಲ್ಲಿ ಹಾರಿದ ಆ ವಿಮಾನವನ್ನು ತನ್ನ ವಿದ್ಯಾರ್ಥಿಗಳ ಕೈಯಲ್ಲಿ ತರಗತಿಯ ಕೆಲಸವಾಗಿ ಕಟ್ಟಿಸಿದ್ದ.