ಸಮುದ್ರದ ಗಾಳಿ ಒಳ್ಳೆಯದಂತೆ, ಅಪ್ಪ-ಅಮ್ಮನನ್ನು ದುಬೈಗೆ ಕರೆಸಿಕೊಳ್ಳೋಣವೇ?

ಮಗನೋ ಮಗಳೋ ದುಬೈಯ ಜುಮೇರಾ ಕಡೆ ಮನೆ ಮಾಡಿದ್ದಾರೆ ಎಂದ ಕೂಡಲೇ ಜಯನಗರ, ಜೆ.ಪಿ. ನಗರದ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಅಲ್ಲಿ ಗಲಾಟೆ ಇಲ್ಲ, ಟ್ರಾಫಿಕ್ ಹೊಗೆ ಇಲ್ಲ, ಮನೆ ಮುಂದೆಯೇ ಸಮುದ್ರ. ದೊಡ್ಡವರು ನಾಲ್ಕು ತಿಂಗಳು ಅಲ್ಲಿದ್ದು ಬಂದರೆ ಬಿಪಿ, ಉಬ್ಬಸ ಎಲ್ಲ ಹತೋಟಿಗೆ ಬರುತ್ತದೆ. ಇದರಲ್ಲಿ ‘ಗಲಾಟೆ ಇಲ್ಲ’ ಎನ್ನುವುದು ನಿಜ. ಜುಮೇರಾ ಕಡಲಂಚಿನ ತಗ್ಗು ಮನೆಗಳ ಬಡಾವಣೆ, ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಜಾಗ. (ಬಾಡಿಗೆ ನೋಡಿ ಕರಾಮಾ, ಬರ್ ದುಬೈ ಅಥವಾ ಶಾರ್ಜಾದಲ್ಲಿ ಉಳಿಯುವ ಕನ್ನಡಿಗರೇ ಹೆಚ್ಚು, ಅದು ಬೇರೆ ವಿಷಯ.) ಆದರೆ ಆರೋಗ್ಯದ ಮಾತನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಬಿಡಿಸಿ ನೋಡಬೇಕು.

ಸಮುದ್ರದ ಗಾಳಿ ಔಷಧ ಎನ್ನುವ ನಂಬಿಕೆಯನ್ನು ಬೆಳೆಸಿದವರಲ್ಲಿ 19ನೇ ಶತಮಾನದ ಯೂರೋಪಿನ ವೈದ್ಯರೂ ಇದ್ದಾರೆ. ಕಡಲ ವಾಸನೆ ಎಂದರೆ ಓಝೋನ್, ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಬಲ ಎಂದು ಆಗ ಅನೇಕರು ನಂಬಿದ್ದರು. ಆ ವಾಸನೆ ಮುಖ್ಯವಾಗಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ್ದು; ಕಡಲಿನ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಓಝೋನ್ ಉಸಿರಾಡಿದರೆ ಶ್ವಾಸಕೋಶಕ್ಕೆ ಹಾನಿಯೇ. ‘ಗಾಳಿಯಲ್ಲೇ ಅಯೋಡಿನ್ ಇದೆ, ಥೈರಾಯ್ಡ್ ಸರಿಹೋಗುತ್ತದೆ’ ಎಂಬುದೂ ಹಾಗೆಯೇ. ನಮಗೆ ಅಯೋಡಿನ್ ಸಿಗುವುದು ಊಟದಿಂದ, ಅಯೋಡಿನ್ ಬೆರೆಸಿದ ಉಪ್ಪಿನಿಂದ. ಸಮುದ್ರದ ಪಕ್ಕದಲ್ಲೇ ಇರುವ ನಮ್ಮ ಕರಾವಳಿಯ ಮಕ್ಕಳಲ್ಲೂ ಗಳಗಂಡ ಕಂಡುಬಂದಿದೆ. ಇನ್ನು ಉಬ್ಬಸ ಇರುವವರು ಮರುಭೂಮಿಯ ಧೂಳನ್ನು ಮರೆಯುವಂತಿಲ್ಲ. ವಾಯವ್ಯದಿಂದ ಬೀಸುವ ‘ಶಮಾಲ್’ ಗಾಳಿ ಎದ್ದ ದಿನ ಊರಿಗೆ ಊರೇ ಮಸುಕಾಗುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಸೆಕೆ. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನ 34 ಡಿಗ್ರಿ ಬಿಸಿಲಲ್ಲೂ ನೆರಳಿಗೆ ಬಂದರೆ ಜೀವ ಹಾಯೆನಿಸುತ್ತದೆ, ಯಾಕೆಂದರೆ ಗಾಳಿ ಒಣಗಿರುತ್ತದೆ, ಬೆವರು ಬೇಗ ಆರುತ್ತದೆ. ನಮ್ಮನ್ನು ತಂಪು ಮಾಡುವುದು ಬೆವರುವುದಲ್ಲ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಆರದೆ ಮೈಮೇಲಿಂದ ತೊಟ್ಟಿಕ್ಕಿದರೆ ನೀರು, ಉಪ್ಪು ಎರಡೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಮಂಗಳೂರು, ಉಡುಪಿಯವರಿಗೆ ಇದನ್ನು ವಿವರಿಸಬೇಕಿಲ್ಲ.

ದುಬೈ ಎದುರಿನ ಕೊಲ್ಲಿ ಆಳವಿಲ್ಲದ, ಮೂರು ಕಡೆ ನೆಲ ಸುತ್ತುವರಿದ ಕಡಲು. ಆಗಸ್ಟ್‌ನಲ್ಲಿ ಅದರ ಮೇಲ್ಮೈ ನೀರೇ 32 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ನೀರಿನ ಮೇಲಿಂದ ಬರುವ ಗಾಳಿ ತಂಪನ್ನಲ್ಲ, ತೇವವನ್ನು ಹೊತ್ತು ತರುತ್ತದೆ. ಜುಲೈ–ಆಗಸ್ಟ್‌ನಲ್ಲಿ ಹಗಲು ಸರಾಸರಿ 41 ಡಿಗ್ರಿ, ರಾತ್ರಿಯೂ ಸುಮಾರು 30. ತೀರಕ್ಕೆ ಹತ್ತಿರವಾದಷ್ಟೂ ತೇವ ಜಾಸ್ತಿ. ಅಂದರೆ ಫಾರ್ವರ್ಡ್ ಹೊಗಳುವ ‘ಸಮುದ್ರದ ಗಾಳಿ’ಯೇ ಆ ತಿಂಗಳುಗಳ ಮುಖ್ಯ ತೊಂದರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೂಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸಿದೆ.

ವಯಸ್ಸಾದಂತೆ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೀರಿನಂಶ ಇನ್ನೂ ಬೇಗ ಇಳಿಯುತ್ತದೆ. ಅಂಥವರು ಹೊರಡುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು. ಮಾತ್ರೆಯನ್ನು ತಾವಾಗಿ ಬಿಡಬಾರದು. ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಲಿ. ಆಗ ಜುಮೇರಾದ 14 ಕಿಲೋಮೀಟರ್ ಕಡಲಂಚಿನ ಹಾದಿಯಲ್ಲಿ ನಡೆಯುವುದು ಲಾಲ್‌ಬಾಗ್ ವಾಕಿಂಗ್‌ನಷ್ಟೇ ಸುಖ. ಜುಲೈ–ಆಗಸ್ಟ್‌ನಲ್ಲಿ ಅಲ್ಲಿನ ಮಕ್ಕಳಿಗೇ ಶಾಲೆ ರಜೆ; ಆಗ ಅವರು ಇಲ್ಲಿಗೆ ಬರುವುದೇ ವಾಸಿ.

ಸದ್ದಿಲ್ಲದಿರುವುದನ್ನೂ ಸ್ವಲ್ಪ ಯೋಚಿಸಿ. ಬನಶಂಕರಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾನೆ, ಪಕ್ಕದ ಮನೆಯವರು ಗೇಟಿನ ಹತ್ತಿರ ನಿಲ್ಲುತ್ತಾರೆ, ಸಂಜೆ ರಾಗಿಗುಡ್ಡಕ್ಕೋ ದೇವಗಿರಿಗೋ ನಡೆದು ಹೋಗಬಹುದು. ಅಲ್ಲಿ ಬೇಸಿಗೆಯಲ್ಲಿ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು, ಕಾರು ಓಡಿಸುವವರು ಆಫೀಸಿನಲ್ಲಿರುತ್ತಾರೆ. ಚಿಕ್ಕ ಮಕ್ಕಳಿರುವ ದಂಪತಿಗೆ ನೆಮ್ಮದಿ ಎನಿಸುವ ಮೌನ ಎಪ್ಪತ್ತರ ಅಜ್ಜಿಗೆ ಒಂಟಿತನವಾಗಬಹುದು. ವರ್ಷವಿಡೀ ಸೂರ್ಯ ಉರಿಯುವ ಕೊಲ್ಲಿ ದೇಶಗಳಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿರುವುದಕ್ಕೆ ಒಂದು ಕಾರಣವೂ ಇದೇ: ಜನ ಎಸಿ ಕೆಳಗಿಂದ ಎಸಿ ಕೆಳಗೇ ಓಡಾಡುತ್ತಾರೆ.

ವಿಮೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ದುಬೈಯ 2013ರ ಕಾನೂನಿನ ಪ್ರಕಾರ ಕಂಪನಿ ತನ್ನ ಉದ್ಯೋಗಿಗೆ ಆರೋಗ್ಯ ವಿಮೆ ಮಾಡಿಸಲೇಬೇಕು. ಆ ಕಡ್ಡಾಯ ವಿಸಿಟ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಅನ್ವಯಿಸುವುದಿಲ್ಲ. ಮೊದಲೇ ಇರುವ ಕಾಯಿಲೆಗೂ ಹಣ ಕೊಡುವ ಪ್ರಯಾಣ ವಿಮೆಯನ್ನು ಹುಡುಕಿ ಮಾಡಿಸಿ.

ಕೊನೆಗೆ, ಸುಳ್ಳೆಂದು ತಳ್ಳಿಹಾಕುವ ಒಂದು ಫಾರ್ವರ್ಡ್ ನಿಜಕ್ಕೂ ನಿಜ: ಗಸಗಸೆ ಯುಎಇಯಲ್ಲಿ ನಿಷಿದ್ಧ. ಅದು ಅಫೀಮು ಗಿಡದ ಬೀಜವಾದ್ದರಿಂದ ಅಲ್ಲಿ ಮಾದಕವಸ್ತು ಕಾನೂನಿನಡಿ ಬರುತ್ತದೆ, ಸಿಕ್ಕಿಬಿದ್ದು ಜೈಲು ಕಂಡವರಿದ್ದಾರೆ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಡಾಕ್ಟರ ಚೀಟಿ ಜೊತೆಗಿರಲಿ. ಗಸಗಸೆ ಪಾಯಸವನ್ನು ಹೊರಡುವ ಮುನ್ನ ಇಲ್ಲೇ ಮಾಡಿ ಉಂಡು ಹೋಗಿ.