ಅಂಧ ಬಾಲಿಕೆಯರಿಗೆ ದಂತಶುದ್ಧಿಯ ಶಿಕ್ಷಣ



ಕೆಲವು ವರ್ಷಗಳ ಕೆಳಗೆ ಆರೋಗ್ಯಪಾಠವನ್ನು ಹೇಳುತ್ತ ನಾನು, "ಹಲ್ಲುಜ್ಜಿದ ಮೇಲೆ ಕನ್ನಡಿಯಲ್ಲಿ ನೋಡಿಕೊಳ್ಳಿರಿ" ಎಂದೆನು. ಮೊದಲನೆಯ ಸಾಲಿನಲ್ಲಿದ್ದ ದೃಷ್ಟಿಯಿಲ್ಲದ ಬಾಲಿಕೆಯೊಬ್ಬಳು ತಲೆ ತಗ್ಗಿಸಿದಳು. ವಿಚಾರಿಸಲಾಗಿ, ಹನ್ನೆರಡು ವರ್ಷದ ಆಕೆಯ ಹಲ್ಲನ್ನು ತಾಯಿಯೇ ದಿನಾಲು ಉಜ್ಜುತ್ತಿರುವಳೆಂದು ತಿಳಿಯಿತು. ತಾಯಿಯದು ಪ್ರೀತಿ, ನನ್ನದು ಅಜಾಗ್ರತೆ. ಆದರೆ ಇವೆರಡೂ ಕೂಡಿ ಆ ಮಗುವನ್ನು ತನ್ನ ಬಾಯಿಗೆ ತಾನೇ ಪರಕೀಯಳನ್ನಾಗಿ ಮಾಡಿದ್ದವು.

ನಮ್ಮದು ಕಬ್ಬಿನ ಸೀಮೆ. ಮಹಾಲಿಂಗಪುರದ ಬೆಲ್ಲವಿಲ್ಲದ ಮನೆ ವಿರಳ. ಹಲ್ಲಿಗಂಟಿದ ಸಿಹಿಯನ್ನು ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುವುದರಿಂದಲೇ ಹುಳುಕು ಹುಟ್ಟುತ್ತದೆ. ಅದರ ಮೇಲೆ, ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ತಿಕ್ಕುವ ಚಟವೂ ಕೆಲವು ಮನೆಗಳಲ್ಲುಂಟು. ಕಣ್ಣುಳ್ಳವಳು ಹಲ್ಲಿನ ಕಪ್ಪನ್ನು ಕಂಡು ಎಚ್ಚರಗೊಳ್ಳುವಳು. ಕಾಣದವಳಿಗೆ ನೋವು ಬಂದ ಮೇಲೆಯೇ ತಿಳಿಯುವುದು.

ಇಂಥ ಮಕ್ಕಳಿಗೆ ಕಲಿಸುವುದು ಸಾಧ್ಯವೇ ಎಂದು ಕೇಳುವವರುಂಟು. ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬೆಳಗಾವಿಯ ದಂತವೈದ್ಯರಾದ ಮಮತಾ ಹೆಬ್ಬಾಳ ಹಾಗೂ ಅನಿಲ ಅಂಕೋಲಾ ಎಂಬವರು ಅಂಧ ಮಕ್ಕಳಿಗಾಗಿಯೇ ಒಂದು ಪದ್ಧತಿಯನ್ನು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಮೊದಲು ಮಾತಿನಿಂದ ತಿಳಿಸುವುದು, ಬಳಿಕ ಮುಟ್ಟಿಸಿ ತಿಳಿಸುವುದು, ಕಡೆಗೆ ಮಗುವಿನಿಂದಲೇ ಮಾಡಿಸುವುದು: ಇದೇ ಅದರ ಸಾರ. ಶುಚಿಯಾದ ಹಲ್ಲು ನಾಲಿಗೆಗೆ ನುಣುಪಾಗಿಯೂ ಕೊಳೆ ಕೂತ ಹಲ್ಲು ಒರಟಾಗಿಯೂ ತೋರುವುದರಿಂದ ನಾಲಿಗೆಯೇ ಕನ್ನಡಿಯಾಗುತ್ತದೆ. ಹೀಗೆ ಕಲಿತ ಮಕ್ಕಳ ಹಲ್ಲಿನ ಕೊಳೆಯು ಕಡಿಮೆಯಾದುದನ್ನು ಅವರು ಕಂಡರು.

ಬೆರಳಿನ ಅರಿವು ನಮಗೆ ಹೊಸದೇ? ಬನಹಟ್ಟಿ-ರಬಕವಿಯ ನೇಕಾರರು ಹರಿದ ಎಳೆಯನ್ನು ಬೆರಳಿನಿಂದಲೇ ಹಿಡಿದು ಗಂಟಿಕ್ಕುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಆದುದರಿಂದ ಮಗುವಿನ ಬ್ರಶ್ಶಿನ ಹಿಡಿಗೆ ಒಂದು ದಾರವನ್ನು ಸುತ್ತಿರಿ. ಮನೆಯವರ ಬ್ರಶ್ಶುಗಳಲ್ಲಿ ತನ್ನದನ್ನು ಆಕೆಯೇ ಗುರುತಿಸಲಿ. ಬಟಾಣಿ ಕಾಳಿನಷ್ಟು ಪೇಸ್ಟನ್ನು ಬೆರಳಿನ ತುದಿಗೆ ತೆಗೆದುಕೊಂಡು ಹಲ್ಲಿಗೆ ಹಚ್ಚಿಕೊಳ್ಳಲಿ. ದಿನಕ್ಕೆ 2 ಸಲ, ಸಲಕ್ಕೆ 2 ನಿಮಿಷ, ಮೇಲಿನ ಬಲದವಡೆಯಿಂದ ಆರಂಭಿಸಿ ಪ್ರತಿನಿತ್ಯ ಅದೇ ಕ್ರಮದಲ್ಲಿ ಉಜ್ಜಲಿ. ಒಸಡಿನಿಂದ ರಕ್ತ ಬಂದರೆ ಆಕೆ ಅದನ್ನು ಕಾಣಲಾರಳು. ಉಪ್ಪುಪ್ಪಾದ ರುಚಿ ತೋರಿದೊಡನೆ ಹೇಳಬೇಕೆಂದು ಕಲಿಸಿರಿ. ಮೊದಮೊದಲು ಆಕೆಯ ಕೈಯ ಮೇಲೆ ನಿಮ್ಮ ಕೈಯಿರಲಿ. ಕಲಿತಂತೆ ಅದನ್ನು ಹಿಂದೆಗೆಯಿರಿ.

ಇದಕ್ಕೆ ಹೊತ್ತು ಹಿಡಿಯುವುದು ನಿಜ. ತಾಯಿಯು ಉಜ್ಜಿದರೆ ಬೇಗನೆ ಮುಗಿದೀತು. ಆದರೆ ತಾಯಿಯ ಕೈ ಎಷ್ಟು ಕಾಲ ಜೊತೆಗಿದ್ದೀತು? ಮಗಳು ವಸತಿಗೃಹಕ್ಕೆ ಹೋಗುವಳು, ಅತ್ತೆಯ ಮನೆಗೆ ಹೋಗುವಳು, ಉದ್ಯೋಗಕ್ಕೂ ಹೋದಾಳು. ಕೈಕಟ್ಟುವ ಕರುಣೆಗಿಂತ ಕೈಹಿಡಿದು ಕಲಿಸುವ ಕರುಣೆಯೇ ಮೇಲು.

1887ರಲ್ಲಿ ಆ್ಯನಿ ಶಾರ್ಪ್ ಎಂಬ ಮಿಶನರಿ ಮಹಿಳೆಯು ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದಳು. ಅಂದಿನಿಂದ ನಮ್ಮ ದೇಶದ ಎಷ್ಟೋ ಅಂಧ ಮಕ್ಕಳು ಬೆರಳಿನಿಂದ ಓದಲು ಕಲಿತಿದ್ದಾರೆ. ಆ ಬೆರಳುಗಳಿಗೆ ಹಲ್ಲುಜ್ಜುವುದನ್ನು ನಾವು ಕಲಿಸಲಾರೆವೇ? ದೇಹವು ದೇವರ ಆಲಯವೆಂದು ನಂಬುವ ನಾವು, ಅದರ ಬಾಗಿಲನ್ನು ಗುಡಿಸುವ ಕೆಲಸವನ್ನು ಆಕೆಯ ಕೈಗೇ ಒಪ್ಪಿಸೋಣ.