ಬಿಡುವಿನ ವೇಳೆ: ಪೆನ್ಸಿಲಿನಲ್ಲಿ ಅಮ್ಮನ ಮುಖ



ನಮ್ಮಮ್ಮ ತೀರಿಕೊಂಡು ಹನ್ನೊಂದು ವರ್ಷ. ಅವಳ ಫೋಟೋ ಅಂತ ನಮ್ಮಲ್ಲಿ ಇರುವುದು ಒಂದೇ ಒಂದು, ಅದೂ ಮದುವೆಮನೆಯ ಗುಂಪಿನ ಚಿತ್ರ. ದಿನೇ ದಿನೇ ಮಾಸುತ್ತಿದೆ. ಅದನ್ನು ನೋಡಿ ಪೆನ್ಸಿಲಿನಲ್ಲಿ ಅಮ್ಮನ ಮುಖ ಬರೆಯೋಣ ಅಂತ ಕೂತೆ. ಹೈಸ್ಕೂಲಿನ ಡ್ರಾಯಿಂಗ್ ಕ್ಲಾಸೇ ನನ್ನ ಬಂಡವಾಳ. ಮೊದಲ ಚಿತ್ರ ನೋಡಿ ಅಪ್ಪ, "ಇದು ನಿಮ್ಮಮ್ಮ ಅಲ್ಲ ಕಣೇ" ಅಂದುಬಿಟ್ಟರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಪ್ಪು ಎಲ್ಲಾಗಿತ್ತು ಗೊತ್ತೇ? ಕಣ್ಣುಗಳನ್ನು ತೀರಾ ಮೇಲೆ ಬರೆದಿದ್ದೆ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಬರುವುದು ಸುಮಾರು ಮಧ್ಯಕ್ಕೆ. ಎರಡು ಕಣ್ಣುಗಳ ನಡುವೆ ಹೆಚ್ಚುಕಡಿಮೆ ಇನ್ನೊಂದು ಕಣ್ಣಿನಷ್ಟು ಜಾಗ. ಕನ್ನಡಿ ಮುಂದೆ ನಿಂತು ನೀವೇ ಅಳೆದು ನೋಡಿ.

ಎರಡನೆಯ ಸಲ ಚೌಕದ ಲೆಕ್ಕ ಹಿಡಿದೆ. ಮೂಲ ಫೋಟೋ ಮೇಲೆ ಗೀಚಬೇಡಿ. ಮುಖದ ಭಾಗವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಅದರ ಮೇಲೆ ಅರ್ಧ ಅಂಗುಲದ ಚೌಕಗಳನ್ನು ಹಾಕಿ. ಡ್ರಾಯಿಂಗ್ ಹಾಳೆಯ ಮೇಲೆ 1 ಅಂಗುಲದ ಚೌಕಗಳನ್ನು ಎಚ್‌ಬಿ ಪೆನ್ಸಿಲಿನಲ್ಲಿ ತೆಳುವಾಗಿ ಎಳೆಯಿರಿ. ಒಂದೊಂದೇ ಚೌಕ ನೋಡಿ ಗೆರೆ ಇಳಿಸುತ್ತಾ ಹೋದರೆ ಚುಕ್ಕಿ ರಂಗೋಲಿಯಷ್ಟೇ ಸುಲಭ. ಆಮೇಲೆ ಚೌಕಗಳನ್ನು ಹುಷಾರಾಗಿ ಅಳಿಸಿ.

ಇನ್ನು ನೆರಳು. ಪೆನ್ಸಿಲಿನೊಳಗಿರುವುದು ಸೀಸವಲ್ಲ, ಗ್ರಾಫೈಟು ಮತ್ತು ಜೇಡಿಮಣ್ಣು. ಗ್ರಾಫೈಟು ಹೆಚ್ಚಿದ್ದಷ್ಟೂ ಮೆತ್ತಗೆ, ಕಪ್ಪು. ಕೆನ್ನೆಗೆ 2ಬಿ, ಕೂದಲಿಗೂ ಕಣ್ಣುಪಾಪೆಗೂ 6ಬಿ ಸಾಕು. ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಮೊದಲು ನೋಡಿಕೊಳ್ಳಿ. ಮೂಗಿನ ಪಕ್ಕ, ಕೆಳತುಟಿಯ ಕೆಳಗೆ, ಗದ್ದದಡಿ ನೆರಳಿರುತ್ತದೆ. ಒತ್ತಿ ಬರೆಯದೆ ಪದರದ ಮೇಲೆ ಪದರ ಹಾಕಿ. ಕಣ್ಣಿನ ಬಿಳಿಭಾಗಕ್ಕೂ ಕೊಂಚ ನೆರಳು ಬೇಕು. ಪಾಪೆಯ ಮೇಲಿನ ಹೊಳಪಿನ ಚುಕ್ಕಿ ಮಾತ್ರ ಹಾಳೆಯ ಬಿಳಿಯೇ ಇರಲಿ. ಬೆರಳಿನಿಂದ ಉಜ್ಜಿದರೆ ಕೈಯ ಜಿಡ್ಡು ತಗಲಿ ಕೆನ್ನೆಗೆ ಮಸಿ ಮೆತ್ತಿದಂತಾಗುತ್ತದೆ. ನನಗೆ ಆದದ್ದೂ ಅದೇ! ಹತ್ತಿ ಬಳಸಿ. ಅಂಗೈ ಕೆಳಗೆ ಒಂದು ಚೊಕ್ಕ ಕಾಗದ ಇಟ್ಟುಕೊಳ್ಳಿ. ಕೂದಲನ್ನು ಎಳೆ ಎಳೆಯಾಗಿ ಬರೆಯಬೇಡಿ. ಮೊದಲು ಒಟ್ಟಾರೆ ಕಪ್ಪು, ಆಮೇಲೆ ರಬ್ಬರಿನ ಮೂಲೆಯಿಂದ ಹೊಳಪು ತೆಗೆಯಿರಿ.

ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿಸಿ ಒಂದೊಂದು ಗಂಟೆಯಂತೆ ಹನ್ನೆರಡು ದಿನ ಹಿಡಿಯಿತು. ಅಪ್ಪನ ಮುಂದೆ ಹಿಡಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕನ್ನಡಕ ತೆಗೆದು, "ಕುಂಕುಮ ಇನ್ನೂ ಸ್ವಲ್ಪ ದೊಡ್ಡದಿಡು, ಅವಳು ಹಾಗೇ ಇಡ್ತಿದ್ದಳು" ಅಂದರು.

ನಿಮ್ಮ ಮನೆಯಲ್ಲೂ ಮಾಸುತ್ತಿರುವ ಫೋಟೋ ಇದ್ದರೆ ತಡಮಾಡಬೇಡಿ. ಕುಂಕುಮದ ಅಳತೆ ಹೇಳುವವರು ಮನೆಯಲ್ಲಿರುವಾಗಲೇ ಬರೆದುಬಿಡಿ.